ಬದುವಿನ ಹೂವು: ಅಡುಗೆಗೆಷ್ಟು, ಜೇನಿಗೆಷ್ಟು, ಕಾಯಿಗೆಷ್ಟು?

ಯುಗಾದಿಯ ದಿನ ಬೇವಿನ ಹೂವನ್ನು ಬೆಲ್ಲದೊಂದಿಗೆ ಬಾಯಿಗೆ ಹಾಕಿಕೊಳ್ಳದ ಮನೆ ನಮ್ಮ ನಾಡಿನಲ್ಲಿ ವಿರಳ. ಪಲಾವಿಗೆ ಹಾಕುವ ಲವಂಗವೆಂದರೆ ಅರಳದ ಮೊಗ್ಗು. ಸಂತೆಯಿಂದ ತರುವ ಹೂಕೋಸು ಹೆಸರೇ ಹೇಳುವಂತೆ ಹೂವಿನ ಗೊಂಚಲು. ಹೀಗೆ ನಾವೆಲ್ಲರೂ ತಿಳಿದೋ ತಿಳಿಯದೆಯೋ ಹೂವನ್ನು ತಿನ್ನುವವರೇ. ಆದರೂ ಹೂವೆಂದರೆ ದೇವರಿಗೆ, ಮುಡಿಗೆ, ಪೇಟೆಗೆ ಎಂಬ ಭಾವನೆ ಬಲವಾಗಿದೆ. ಹೊಲದ ಬದುವಿನಲ್ಲಿ, ಬೇಲಿಯಲ್ಲಿ, ಹಿತ್ತಲಲ್ಲಿ ತಾನಾಗಿ ಅರಳಿ ಉದುರುವ ಹೂವುಗಳ ಕಡೆಗೆ ನಮ್ಮ ಗಮನ ಹರಿಯುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಇಲ್ಲಿಯೂ ನಿಜ.

ಈಚಿನ ವರ್ಷಗಳಲ್ಲಿ ಬದುವಿನ ಗಿಡಗಂಟಿಗಳಿಗೆ ಕಳೆನಾಶಕ ಸಿಂಪಡಿಸಿ, ಇಲ್ಲವೆ ಯಂತ್ರದಿಂದ ಕಿತ್ತು, ಬದುವನ್ನು 'ಚೊಕ್ಕಟ' ಮಾಡುವ ರೂಢಿ ಹೆಚ್ಚುತ್ತಿದೆ. ಊರಂಚಿನ ಹಿಪ್ಪೆ ತೋಪುಗಳು ಕೊಡಲಿಗೆ ಸಿಕ್ಕಿವೆ. ಇದರಿಂದ ನಾವು ಕಳೆದುಕೊಳ್ಳುತ್ತಿರುವುದು ಬರಿಯ ಕಳೆಯನ್ನಲ್ಲ. ಬೇಸಿಗೆಯ ಒಂದು ಪಲ್ಯವನ್ನು, ಜೇನಿನ ಮೇವನ್ನು, ಜೇನಿನಿಂದ ನಮ್ಮ ಬೆಳೆಗೆ ಆಗುವ ಕಾಯಿಯನ್ನು. ಇನ್ನೊಂದು ಕಡೆ, ಹೂವು ತಿನ್ನಲು ಒಳ್ಳೆಯದೆಂದು ಕೇಳಿ ಸಿಕ್ಕಿದ್ದನ್ನೆಲ್ಲ ಕೀಳುವುದೂ ಸರಿಯಲ್ಲ. ಯಾವ ಹೂವನ್ನು ಕೀಳಬಹುದು, ಯಾವಾಗ ಕೀಳಬೇಕು, ಎಷ್ಟನ್ನು ಬಿಡಬೇಕು ಎಂಬ ಲೆಕ್ಕವನ್ನು ತಿಳಿದು ನಡೆದರೆ ಅಡುಗೆ, ಜೇನು, ಕಾಯಿ ಮೂರೂ ಉಳಿಯುತ್ತವೆ. ಆ ಲೆಕ್ಕವನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೂವಿಗೆ ಮೂವರು ಹಕ್ಕುದಾರರು

ಗಿಡ ಹೂ ಬಿಡುವುದು ನಮ್ಮ ಕಣ್ಣಿಗಾಗಿ ಅಲ್ಲ, ಬೀಜ ಕಟ್ಟುವುದಕ್ಕಾಗಿ. ಗಂಡು ಭಾಗದ ಪರಾಗ ಹೆಣ್ಣು ಭಾಗಕ್ಕೆ ಮುಟ್ಟಿದರೆ ಮಾತ್ರ ಕಾಯಿ ನಿಲ್ಲುತ್ತದೆ. ಈ ಸಾಗಣೆಯ ಕೆಲಸವನ್ನು ಗಾಳಿಗೆ ಒಪ್ಪಿಸಿರುವ ಬೆಳೆಗಳು ಕೆಲವು. ಮೆಕ್ಕೆಜೋಳ, ಸಜ್ಜೆ ಈ ಗುಂಪಿನವು. ಕುಂಬಳ, ಸೌತೆ, ಹಾಗಲ, ಕಲ್ಲಂಗಡಿ, ಸೂರ್ಯಕಾಂತಿ, ಏಲಕ್ಕಿ, ಬೀಜಕ್ಕಾಗಿ ಬೆಳೆಯುವ ಈರುಳ್ಳಿ ಇವೆಲ್ಲ ಕೀಟಗಳನ್ನು ನಂಬಿಕೊಂಡಿರುವ ಬೆಳೆಗಳು. ಮಕರಂದ ಮತ್ತು ಪರಾಗ ಆ ಕೀಟಗಳಿಗೆ ಗಿಡ ಕೊಡುವ ಕೂಲಿ. ಆದುದರಿಂದ ಪ್ರತಿ ಹೂವಿನ ಮೇಲೆ ಮೂವರ ಹಕ್ಕಿದೆ: ತಿನ್ನುವ ನಮ್ಮದು, ದುಡಿಯುವ ಕೀಟದ್ದು, ಹುಟ್ಟಬೇಕಾದ ಕಾಯಿಯದು.

ನಮ್ಮಲ್ಲಿ ತುಡುವೆ ಜೇನು, ಹೆಜ್ಜೇನು, ಕೋಲುಜೇನು ಮತ್ತು ಕಚ್ಚದ ಮುಜಂಟಿ ಜೇನು ಮುಖ್ಯವಾದವು. ಇವಲ್ಲದೆ ಒಣಮರವನ್ನು ಕೊರೆದು ಗೂಡು ಮಾಡುವ ಕಪ್ಪು ದುಂಬಿ, ಮಣ್ಣಿನಲ್ಲಿ ಬಿಲ ತೋಡಿ ಒಂಟಿಯಾಗಿ ಬಾಳುವ ಚಿಕ್ಕ ಜೇನುನೊಣಗಳು ಬದುವಿನಲ್ಲಿಯೇ ಇರುತ್ತವೆ. ಸೂರ್ಯಕಾಂತಿಯ ಹೊಲ ಎರಡು ಮೂರು ವಾರ ಮಾತ್ರ ಹೂವಿನಿಂದ ತುಂಬಿರುತ್ತದೆ. ಜೇನಿಗಾದರೋ ವರ್ಷವಿಡೀ ಮೇವು ಬೇಕು. ಉಳಿದ ತಿಂಗಳುಗಳಲ್ಲಿ ಅದನ್ನು ಸಾಕುವುದು ಬದುವಿನ ಹೊಂಗೆ, ಬೇವು, ಹುಣಸೆ, ತಂಗಡಿ, ತುಂಬೆಗಳೇ. ಬದುವಿನಲ್ಲಿ ಮೇವಿಲ್ಲದಿದ್ದರೆ ನಿಮ್ಮ ಬೆಳೆ ಹೂ ಬಿಟ್ಟ ದಿನ ಕೆಲಸಗಾರರು ಊರಲ್ಲಿರುವುದಿಲ್ಲ.

ಜೇನಿನ ಸಂಪತ್ತು ಎಷ್ಟು ಬೇಗ ಕೈಬಿಟ್ಟು ಹೋಗಬಹುದೆಂಬುದನ್ನು ನಮ್ಮ ರಾಜ್ಯ ಒಮ್ಮೆ ಕಂಡಿದೆ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ಹರಡಿ ತುಡುವೆ ಜೇನಿನ ಮರಿಗಳು ಸತ್ತು, ದಕ್ಷಿಣ ಭಾರತದಲ್ಲಿ ಅಸಂಖ್ಯ ಕುಟುಂಬಗಳು ನಾಶವಾದವು. ರೋಗವನ್ನು ತಡೆಯುವುದು ಒಬ್ಬ ರೈತನ ಕೈಯಲ್ಲಿಲ್ಲ. ಮೇವನ್ನು ಉಳಿಸುವುದು ಮಾತ್ರ ಪ್ರತಿಯೊಬ್ಬ ರೈತನ ಕೈಯಲ್ಲಿಯೂ ಇದೆ.

ತಿನ್ನುವ ಹೂವುಗಳನ್ನು ಈ ಹಕ್ಕಿನ ದೃಷ್ಟಿಯಿಂದ ಮೂರು ಗುಂಪು ಮಾಡಿಕೊಳ್ಳಬಹುದು: ಕಿತ್ತರೆ ಕಾಯಿಗೆ ನಷ್ಟವೇ ಇಲ್ಲದವು, ಕಾಯಿ ನಮಗೆ ಬೇಡವಾದರೂ ಕೀಟಕ್ಕೆ ಬೇಕಾದವು, ಕಾಯಿಯೇ ನಮ್ಮ ಆದಾಯವಾದವು.

ಮೊದಲ ಗುಂಪು: ಕಾಯಿಗೆ ನಷ್ಟವಿಲ್ಲದ ಹೂವುಗಳು

ಸಿಹಿಗುಂಬಳದ ಗಂಡು ಹೂ: ಕುಂಬಳದ ಒಂದೇ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆಯಾಗಿ ಬರುತ್ತವೆ. ದಳದ ಕೆಳಗೆ ಚಿಕ್ಕ ಮಿಡಿ ಇದ್ದರೆ ಅದು ಹೆಣ್ಣು. ಬರಿಯ ಉದ್ದ ತೊಟ್ಟಿದ್ದರೆ ಗಂಡು. ಗಂಡು ಹೂವು ಮೊದಲು ಬರುತ್ತದೆ ಮತ್ತು ಹೆಣ್ಣು ಹೂವಿಗಿಂತ ಹಲವು ಪಟ್ಟು ಹೆಚ್ಚಾಗಿ ಬರುತ್ತದೆ. ಮೊದಲು ಬಂದ ಹೂವೆಲ್ಲ ಕಾಯಿ ಕಟ್ಟದೆ ಉದುರಿತೆಂದು ಗಾಬರಿಯಾಗಿ ಔಷಧಿ ಹುಡುಕುವವರುಂಟು. ಅವು ಗಂಡು ಹೂವುಗಳು, ಉದುರುವುದೇ ಅವುಗಳ ಸ್ವಭಾವ.

ಈ ಹೂವು ನಸುಕಿನಲ್ಲಿ ಅರಳಿ, ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಜೇನಿನ ಕೆಲಸವೆಲ್ಲ ಅಷ್ಟರಲ್ಲಿ ಮುಗಿದಿರುತ್ತದೆ. ಆದುದರಿಂದ ಅಡುಗೆಗೆ ಬೇಕಾದ ಗಂಡು ಹೂವನ್ನು ಬೆಳಗಿನ ಜಾವ ಕೀಳದೆ, ಮುಚ್ಚಿಕೊಂಡ ಮೇಲೆ ಕೀಳಬೇಕು. ಆಗ ಜೇನಿಗೂ ಕಾಯಿಗೂ ಕಿಂಚಿತ್ತೂ ನಷ್ಟವಿಲ್ಲ. ಜೇನು ಬಾರದ ಕಡೆ, ಪರಾಗ ಮುಟ್ಟದೆ ಮಿಡಿಗಳು ಹಳದಿಯಾಗಿ ಉದುರುತ್ತಿದ್ದರೆ, ಬೆಳಿಗ್ಗೆ ಒಂದು ಗಂಡು ಹೂವಿನ ದಳಗಳನ್ನು ಬಿಡಿಸಿ, ಒಳಗಿನ ಪರಾಗದ ದಂಡನ್ನು ಹೆಣ್ಣು ಹೂವಿನ ನಡುವಿಗೆ ಮೃದುವಾಗಿ ಸವರಬೇಕು. ಬಿಡಿಸಿದ ದಳ ಅಡುಗೆಗೆ ಬರುತ್ತದೆ, ದಂಡು ಕಾಯಿಗಾಗುತ್ತದೆ. ದಳಗಳನ್ನು ಹೆಚ್ಚಿ ಪಲ್ಯ ಮಾಡಬಹುದು, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯಬಹುದು, ರೊಟ್ಟಿಯ ಹಿಟ್ಟಿಗೆ ಕಲಸಬಹುದು.

ಬಾಳೆ ಹೂ: ಬಾಳೆಯ ಮೂತಿ, ಕರಾವಳಿಯವರ ಪೂಂಬೆ. ಗೊನೆಯ ಕೊನೆಯ ಚಿಪ್ಪು ಬಿಡಿಸಿದ ಮೇಲೆ ತುದಿಯಲ್ಲಿ ಉಳಿಯುವ ಮೂತಿಯಲ್ಲಿ ಇರುವುದು ಗಂಡು ಹೂವುಗಳು ಮಾತ್ರ. ಅವುಗಳಿಂದ ಕಾಯಿಯಾಗದು. ಆ ಹಂತದಲ್ಲಿ ಮೂತಿಯನ್ನು ಕತ್ತರಿಸುವುದು ಬಾಳೆ ಬೇಸಾಯದಲ್ಲಿ ಶಿಫಾರಸಾಗಿರುವ ಕ್ರಮವೇ ಆಗಿದೆ. ಆಹಾರ ಮೂತಿಗೆ ಹರಿಯದೆ ಗೊನೆಗೆ ಸೇರುತ್ತದೆ. ಎಕರೆಗಟ್ಟಲೆ ಬಾಳೆ ಇರುವ ತೋಟದಲ್ಲಿ ಈ ಮೂತಿಗಳು ಬುಡದಲ್ಲಿ ಬಿದ್ದು ಕೊಳೆಯುತ್ತವೆ. ಅದೇ ಮೂತಿಗೆ ಪಟ್ಟಣದ ತರಕಾರಿ ಅಂಗಡಿಯಲ್ಲಿ ಬೆಲೆಯಿದೆ. ಹೊರಗಿನ ಕೆಂಪು ಹಾಳೆಗಳನ್ನು ತೆಗೆದು, ಪ್ರತಿ ಹೂವಿನೊಳಗಿನ ಬೇಯದ ದಂಡನ್ನೂ ಗಾಜಿನಂಥ ಚಿಕ್ಕ ಹಾಳೆಯನ್ನೂ ಬಿಡಿಸಿ, ಹೆಚ್ಚಿದ್ದನ್ನು ಕೂಡಲೇ ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗದು, ಒಗರೂ ಇಳಿಯುತ್ತದೆ.

ಹಿಪ್ಪೆ ಹೂ: ಈ ಮರದ ಹೂವಿನ ರಚನೆಯೇ ರೈತನಿಗೆ ಅನುಕೂಲವಾಗಿದೆ. ಕೆನೆಬಣ್ಣದ, ದಪ್ಪನೆಯ, ಸಿಹಿಯಾದ ದಳದ ಬಟ್ಟಲು ನಸುಕಿನ ವೇಳೆಗೆ ಕಳಚಿ ನೆಲಕ್ಕೆ ಬೀಳುತ್ತದೆ. ಕಾಯಿಯಾಗುವ ಭಾಗ ಮಾತ್ರ ರೆಂಬೆಯಲ್ಲಿಯೇ ಉಳಿಯುತ್ತದೆ. ಬಿದ್ದ ಹೂವನ್ನು ಆಯ್ದರೆ ಬೀಜದ ಇಳುವರಿ ಒಂದು ಹಿಡಿಯೂ ಕಡಿಮೆಯಾಗದು. ರೆಂಬೆ ಬಡಿದು ಉದುರಿಸುವುದು ಮಾತ್ರ ತಪ್ಪು. ರಾತ್ರಿ ಹೊತ್ತು ಬಾವಲಿಗಳು ಈ ಹೂವಿಗೆ ಬಂದು ಪರಾಗಸ್ಪರ್ಶಕ್ಕೆ ನೆರವಾಗುತ್ತವೆ, ಅವುಗಳನ್ನು ಓಡಿಸಬಾರದು.

ಚೆನ್ನಾಗಿ ಒಣಗಿದ ಹಿಪ್ಪೆ ಹೂವಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಕ್ಕರೆಯೇ ಇರುತ್ತದೆ. ಮಧ್ಯ ಭಾರತದ ಬುಡಕಟ್ಟು ಜನರು ಇದನ್ನು ಬೇಯಿಸಿ, ಹುರಿದು, ಕುಟ್ಟಿ ಆಹಾರವಾಗಿ ಬಳಸುತ್ತಾ ಬಂದಿದ್ದಾರೆ. ಧಾನ್ಯ ಮುಗಿದ ಬೇಸಿಗೆಯಲ್ಲಿ ಅವರಿಗೆ ಇದು ದೊಡ್ಡ ಆಸರೆ. ನಮ್ಮಲ್ಲಿ ಹಿಪ್ಪೆ ಎಂದರೆ ದೇವರ ದೀಪದ ಎಣ್ಣೆ ಎಂದಷ್ಟೇ ನೆನಪು ಉಳಿದಿದೆ. ಮರದಡಿ ಹಳೆಯ ಸೀರೆಯನ್ನೋ ಬಲೆಯನ್ನೋ ಹಾಸಿದರೆ ಮಣ್ಣು ಸೇರದ ಶುದ್ಧ ಹೂವು ಸಿಗುತ್ತದೆ. ಹೂವು ಕಾಣಲೆಂದು ಮರದ ಕೆಳಗಿನ ತರಗೆಲೆಗೆ ಬೆಂಕಿ ಹಾಕುವ ಅಭ್ಯಾಸ ಮಧ್ಯ ಭಾರತದ ಕಾಡುಗಳಲ್ಲಿ ಎಷ್ಟೋ ಕಾಳ್ಗಿಚ್ಚುಗಳಿಗೆ ಕಾರಣವಾಗಿದೆ. ಅದನ್ನು ಎಂದಿಗೂ ಮಾಡಬಾರದು. ಎಳೆಯ ಸಸಿಗಳೆಲ್ಲ ಸುಟ್ಟುಹೋಗುತ್ತವೆ.

ಕೆಂಪು ಪುಂಡಿ: ದಪ್ಪ ಪುಷ್ಪಪಾತ್ರೆಯ ಕೆಂಪು ಪುಂಡಿಯಲ್ಲಿ ನಾವು ತಿನ್ನುವುದು ದಳವನ್ನಲ್ಲ, ದಳ ಬಾಡಿ ಉದುರಿದ ಮೇಲೆ ಬೀಜದ ಕಾಯಿಯ ಸುತ್ತ ಬೆಳೆಯುವ ಹುಳಿಯಾದ ಕೆಂಪು ಪಾತ್ರೆಯನ್ನು. ಜೇನಿನ ಪಾಲು ಅದಕ್ಕೆ ಮೊದಲೇ ಸಂದಿರುತ್ತದೆ. ಚಟ್ನಿ, ಉಪ್ಪಿನಕಾಯಿ, ಶರಬತ್ತಿಗೆ ಇದು ಯೋಗ್ಯ. ಒಣಗಿಸಿದರೆ ತಿಂಗಳುಗಟ್ಟಲೆ ಉಳಿಯುತ್ತದೆ.

ಎರಡನೆಯ ಗುಂಪು: ಕೀಟದ ಪಾಲು ಬಿಟ್ಟು ಕೀಳಬೇಕಾದವು

ಅಗಸೆ ಮರ: ಕೆಲವು ಕಡೆ ಇದಕ್ಕೆ ಚೊಗಚೆ ಎನ್ನುತ್ತಾರೆ, ಎಣ್ಣೆಕಾಳಿನ ಅಗಸೆ ಬೇರೆ. ವೀಳ್ಯದೆಲೆ ತೋಟಗಳಲ್ಲಿ ಬಳ್ಳಿಗೆ ಆಸರೆಯಾಗಿ ಬೆಳೆಸುವ ಈ ಮರ ಬೇರುಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ಸೊಪ್ಪು ದನಕ್ಕೆ ಮೇವಾಗುತ್ತದೆ. ಬಿಳಿ ಅಥವಾ ಕೆಂಪು ಬಣ್ಣದ ದೊಡ್ಡ ಹೂವು ಒಳ್ಳೆಯ ಪಲ್ಯವಾಗುತ್ತದೆ. ನಡುವಿನ ಕೇಸರದ ದಂಡು ಕಹಿ. ಅದನ್ನು ಎಳೆದು ತೆಗೆದು ಬೇಯಿಸಬೇಕು. ಇದರ ಕಾಯಿಯಿಂದ ನಮಗೆ ಬಿತ್ತನೆ ಬೀಜದ ಹೊರತು ಹೆಚ್ಚಿನ ಲಾಭವಿಲ್ಲ. ಆದುದರಿಂದ ಬೀಜಕ್ಕೆಂದು ಒಂದು ಮರವನ್ನು ಪೂರ್ತಿ ಬಿಟ್ಟು, ಉಳಿದ ಮರಗಳಿಂದ ಧಾರಾಳವಾಗಿ ಕೊಯ್ಯಬಹುದು. ಆದರೂ ಮಕರಂದ ಹೀರಲು ಬರುವ ಸೂರಕ್ಕಿಗಳಿಗೂ ಜೇನಿಗೂ ಎತ್ತರದ ರೆಂಬೆಗಳ ಹೂವನ್ನು ಬಿಡುವುದು ಲೇಸು.

ತಂಗಡಿ ಅಥವಾ ಆವರಿಕೆ: ಬಯಲುಸೀಮೆಯ ಒಣ ಬದುಗಳಲ್ಲಿ ಹಳದಿ ಹೂ ಹೊತ್ತು ನಿಲ್ಲುವ ಈ ಪೊದೆಯನ್ನು ದನಕರುಗಳು ಮೇಯುವುದಿಲ್ಲ. ಹಾಗಾಗಿ ಬೇರೇನೂ ಉಳಿಯದ ಕಡೆಯೂ ಇದು ಉಳಿದು ಮಣ್ಣನ್ನು ಹಿಡಿದಿಡುತ್ತದೆ. ಇದರ ತೊಗಟೆ ಚರ್ಮ ಹದಮಾಡಲು ಹಿಂದೆ ಬಹಳ ಬೇಡಿಕೆಯಲ್ಲಿತ್ತು. ಹೂವನ್ನು ಬೇಳೆಯೊಡನೆ ಬೇಯಿಸುತ್ತಾರೆ. ಒಣಗಿಸಿ ಕಷಾಯಕ್ಕೆ ಬಳಸುತ್ತಾರೆ. ನೆರೆಯ ತೆಲಂಗಾಣ ಇದನ್ನೇ ರಾಜ್ಯದ ಹೂವಾಗಿ ಆರಿಸಿಕೊಂಡಿದೆ.

ತಂಗಡಿಯ ಹೂವಿನಲ್ಲಿ ಮಕರಂದವಿಲ್ಲ, ಪರಾಗವೊಂದೇ ಇದೆ. ಆ ಪರಾಗವೂ ತುದಿಯಲ್ಲಿ ಚಿಕ್ಕ ರಂಧ್ರವಿರುವ ಚೀಲದೊಳಗೆ ಇರುತ್ತದೆ. ಕಪ್ಪು ದುಂಬಿ ಹೂವನ್ನು ಅಪ್ಪಿ ಹಿಡಿದು ಗುಂಯ್‌ಗುಟ್ಟಿ ಮೈಯನ್ನು ನಡುಗಿಸಿದಾಗ ಪರಾಗ ಉಪ್ಪಿನಪುಡಿಯಂತೆ ಹೊರಗೆ ಉದುರುತ್ತದೆ. ಇದೇ ದುಂಬಿಗಳು ನುಗ್ಗೆಯ ಕಾಯಿ ಕಟ್ಟಲೂ ಬೇಕು. ಬದುನೆ, ಟೊಮೇಟೊ ಹೂವುಗಳಿಂದಲೂ ಹೀಗೆ ನಡುಗಿಸಿಯೇ ಪರಾಗ ಪಡೆಯುವ ಒಂಟಿ ಜೇನುನೊಣಗಳುಂಟು. ತಂಗಡಿಯ ಹೂವನ್ನು ಟೊಂಗೆ ಸಮೇತ ಮುರಿದು ಮೂಟೆ ಕಟ್ಟಿದರೆ ಇವಕ್ಕೆಲ್ಲ ಉಪವಾಸ. ಒಂದು ಪೊದೆಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೀಳದಿರುವುದು, ಬಿಡಿ ಹೂವನ್ನು ಮಾತ್ರ ಕೀಳುವುದು, ಒಂದು ಸಾಲನ್ನು ಮುಟ್ಟದೆ ಬಿಡುವುದು ಈ ಮೂರನ್ನು ನಿಯಮವಾಗಿ ಇಟ್ಟುಕೊಳ್ಳಿ.

ಮಲೆನಾಡು ಮತ್ತು ಕರಾವಳಿಯ ಬೇಲಿಗಳಲ್ಲಿನ ಕೇಪಳ, ದಾಸವಾಳಗಳೂ ಈ ಗುಂಪಿನವೇ. ಅಲ್ಲಿಯ ಗೃಹಿಣಿಯರು ಇವುಗಳಿಂದ ತಂಬುಳಿ ಮಾಡುವುದನ್ನು ಬಲ್ಲರು.

ಮೂರನೆಯ ಗುಂಪು: ಕಾಯಿಯೇ ಆದಾಯವಾದ ನುಗ್ಗೆ

ನುಗ್ಗೆ ಹೂವಿನ ರುಚಿ ಬಲ್ಲವರಿಗೆ ಅದನ್ನು ಹೇಳಬೇಕಾಗಿಲ್ಲ. ಆದರೆ ಒಂದು ಹೂವು ಎಂದರೆ ಆಗಬಹುದಾದ ಒಂದು ಕಾಯಿ. ಹೀಗಿದ್ದರೂ ಗೊಂಚಲಿನಲ್ಲಿರುವ ಹತ್ತಾರು ಹೂವುಗಳಲ್ಲಿ ಕಾಯಾಗಿ ನಿಲ್ಲುವುದು ಒಂದೆರಡು. ಎಷ್ಟೋ ಗೊಂಚಲುಗಳಲ್ಲಿ ಒಂದೂ ಇಲ್ಲ. ಉಳಿದವೆಲ್ಲ ಉದುರುತ್ತವೆ. ಆದುದರಿಂದ ಇಲ್ಲಿ ಕ್ರಮ ಹೀಗಿರಲಿ:

1. ಮೊದಲ ಸುತ್ತಿನ ಹೂವನ್ನು ಮುಟ್ಟಬೇಡಿ. ಮಾರುಕಟ್ಟೆಗೆ ಮೊದಲು ಬರುವ ಕಾಯಿಗೇ ಒಳ್ಳೆಯ ಬೆಲೆ.

2. ಸಂಜೆ ಮರದಡಿ ಗುಡಿಸಿ ಶುದ್ಧವಾದ ಬಟ್ಟೆ ಹಾಸಿ, ಬೆಳಿಗ್ಗೆ ಬಿದ್ದ ಹೊಸ ಹೂವನ್ನು ಆಯ್ದುಕೊಳ್ಳಿ. ಬಾಡಿದ್ದು, ಕಪ್ಪಾದದ್ದು ಬೇಡ.

3. ತೂತು ಬಿದ್ದ ಮೊಗ್ಗುಗಳಿದ್ದರೆ ಒಳಗೆ ಮೊಗ್ಗು ಕೊರೆಯುವ ಹುಳುವಿರುತ್ತದೆ. ಅವುಗಳನ್ನು ಆರಿಸಿ ನಾಶಮಾಡಿ. ಆಯುವ ಕೆಲಸದ ಜೊತೆಗೇ ಕೀಟ ಹತೋಟಿಯೂ ಆಗುತ್ತದೆ.

4. ಹಂಗಾಮಿನ ಕೊನೆಯಲ್ಲಿ, ಮಳೆಗೆ ಹೇಗೂ ಉದುರಿಹೋಗುವ ಹೂವನ್ನು ಗೊಂಚಲಿನಿಂದಲೇ ಕೀಳಬಹುದು.

ಹೂವಿನಲ್ಲಿರುವ ಪೋಷಕಾಂಶಗಳು

ಹೂವಿನ ಗುಣವನ್ನು ಅತಿಯಾಗಿ ಹೊಗಳುವುದು ಬೇಡ. ತಾಜಾ ಹೂವಿನ ತೂಕದ ಬಹುಪಾಲು ನೀರು. ಹಿಪ್ಪೆಯೊಂದನ್ನು ಬಿಟ್ಟರೆ ಹೂವಿನಿಂದ ಹೊಟ್ಟೆ ತುಂಬದು. ಕಾಳಿನ ಸಾರಜನಕಾಂಶದ ಸ್ಥಾನವನ್ನಾಗಲಿ, ನುಗ್ಗೆಸೊಪ್ಪಿನಂಥ ಹಸಿರು ಸೊಪ್ಪಿನ ಸ್ಥಾನವನ್ನಾಗಲಿ ಹೂವು ತುಂಬಲಾರದು. ಹಿಪ್ಪೆಯಲ್ಲಿಯೂ ಇರುವುದು ಮುಖ್ಯವಾಗಿ ಸಕ್ಕರೆ; ಮೈ ಬೆಳೆಸುವ ಸಾರಜನಕಾಂಶ ಕಡಿಮೆ.

ಹಾಗಾದರೆ ಹೂವಿನ ಉಪಯೋಗವೇನು? ಮೊದಲನೆಯದಾಗಿ, ಕುಂಬಳದಂಥ ಹಳದಿ ಹೂವುಗಳಲ್ಲಿ ದೇಹವು 'ಎ' ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಕೆರೋಟಿನ್ ಇದೆ. ನುಗ್ಗೆ, ಅಗಸೆ, ಕೆಂಪು ಪುಂಡಿಗಳಲ್ಲಿ 'ಸಿ' ಜೀವಸತ್ವ ದೊರೆಯುತ್ತದೆ. ಬಾಳೆ ಹೂವಿನಲ್ಲಿ ನಾರು ಮತ್ತು ಪೊಟ್ಯಾಸಿಯಂ ಸಾಕಷ್ಟಿವೆ. ಎರಡನೆಯದಾಗಿ, ಇವು ದೊರೆಯುವ ಕಾಲ ಮುಖ್ಯ. ಮಾಘದಿಂದ ಚೈತ್ರದವರೆಗೆ ಖುಷ್ಕಿ ಊರುಗಳಲ್ಲಿ ಸೊಪ್ಪು ಒಣಗಿ ತರಕಾರಿಯನ್ನು ದುಡ್ಡು ಕೊಟ್ಟು ತರಬೇಕಾಗುತ್ತದೆ. ನುಗ್ಗೆ, ಹಿಪ್ಪೆ, ಬೇವುಗಳು ಹೂ ಬಿಡುವುದು ಆ ತಿಂಗಳುಗಳಲ್ಲಿಯೇ. ಆಳವಾದ ಬೇರಿನ ಮರಗಳಾದ್ದರಿಂದ ಬರಗಾಲದಲ್ಲಿಯೂ ಅವು ಪೂರ್ತಿ ಕೈಬಿಡುವುದಿಲ್ಲ.

ಅಡುಗೆ ಮಾಡುವಾಗ ಎರಡು ಮಾತು ನೆನಪಿರಲಿ. 'ಸಿ' ಜೀವಸತ್ವ ಬಿಸಿಗೆ ನಾಶವಾಗುತ್ತದೆ, ನೀರಿಗೆ ಇಳಿದುಹೋಗುತ್ತದೆ; ಆದುದರಿಂದ ಬೇಯಿಸಿದ ನೀರನ್ನು ಚೆಲ್ಲದೆ, ಹೆಚ್ಚು ಹೊತ್ತು ಕುದಿಸದೆ ಬಾಡಿಸಬೇಕು. ಕೆರೋಟಿನ್ ದೇಹಕ್ಕೆ ಹತ್ತಬೇಕಾದರೆ ಒಗ್ಗರಣೆಯಲ್ಲಿ ಸ್ವಲ್ಪ ಎಣ್ಣೆ ಇರಲೇಬೇಕು. ಹೂವಿನ ಪಲ್ಯಕ್ಕೆ ಒಂದು ಹಿಡಿ ಬೇಳೆಯನ್ನೋ ಹುರಿದ ಕಡಲೆಕಾಯಿ ಪುಡಿಯನ್ನೋ ಸೇರಿಸಿದರೆ ಕೊರತೆಯೂ ನೀಗುತ್ತದೆ, ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ.

ಹಣದ ಮಾತು

ತಾಜಾ ಹೂವು ಸಂಜೆಯೊಳಗೆ ಬಾಡುತ್ತದೆ. ದೂರದ ಮಂಡಿಗೆ ಕಳಿಸಿ ಲಾಭ ಮಾಡುವ ಸರಕು ಇದಲ್ಲ. ಬೆಳಿಗ್ಗೆ ಕಿತ್ತು, ಒದ್ದೆ ಬಟ್ಟೆ ಹೊದಿಸಿದ ಬುಟ್ಟಿಯಲ್ಲಿ ಹತ್ತಿರದ ಸಂತೆಗೆ ಮುಟ್ಟಿಸಿದರೆ ನುಗ್ಗೆ, ಅಗಸೆ ಹೂವುಗಳಿಗೆ ಗಿರಾಕಿಗಳಿದ್ದಾರೆ. ಬಾಳೆ ಮೂತಿ ಎರಡು ಮೂರು ದಿನ ತಾಳುತ್ತದೆ. ಅದನ್ನು ಗೊನೆಯ ಜೊತೆಗೇ ಪಟ್ಟಣಕ್ಕೆ ಕಳಿಸಬಹುದು.

ಒಣಗಿಸಿ ಮಾರುವ ಹೂವುಗಳಲ್ಲಿ ತಂಗಡಿ, ಕೆಂಪು ಪುಂಡಿ, ಹಿಪ್ಪೆ ಮುಖ್ಯವಾದವು. ತಂಗಡಿಯನ್ನು ನೆರಳಿನಲ್ಲಿ ತೆಳ್ಳಗೆ ಹರಡಿ, ಹಿಡಿದರೆ ಪುಡಿಯಾಗುವಷ್ಟು ಒಣಗಿಸಬೇಕು. ತೇವ ಉಳಿದರೆ ಬೂಷ್ಟು ಹಿಡಿದು ಇಡೀ ಚೀಲ ಕೆಡುತ್ತದೆ. ಆಯುರ್ವೇದದ ಆಸವ, ಅರಿಷ್ಟಗಳ ತಯಾರಿಕೆಯಲ್ಲಿ ಹುದುಗು ಬರಿಸಲು ಧಾತಕಿ ಹೂವನ್ನು ಬಳಸುತ್ತಾರೆ. ಇದಕ್ಕೆ ಔಷಧ ತಯಾರಕರಿಂದ ಬೇಡಿಕೆಯಿದೆ. ಆದರೆ ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಂಡು, ಎಷ್ಟು ಬೇಕೆಂದು ಕೇಳಿ, ಆಮೇಲೆ ಕೀಳತಕ್ಕದ್ದು. ಮಾರುಕಟ್ಟೆ ಇಲ್ಲದೆ ಕಿತ್ತ ಹೂವು ನಮಗೂ ಇಲ್ಲ, ಜೇನಿಗೂ ಇಲ್ಲ. ಪೊಟ್ಟಣ ಕಟ್ಟಿ ಮಾರುವವರು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಬೇಕು.

ಕಿರು ಅರಣ್ಯ ಉತ್ಪನ್ನಗಳಿಗೆ ಕೇಂದ್ರ ಸರಕಾರ ಬೆಂಬಲ ಬೆಲೆ ಗೊತ್ತುಮಾಡುತ್ತದೆ. 2020ರಲ್ಲಿ ಒಣ ಹಿಪ್ಪೆ ಹೂವಿನ ಬೆಂಬಲ ಬೆಲೆಯನ್ನು ಕಿಲೋಗೆ 17 ರೂಪಾಯಿಯಿಂದ 30 ರೂಪಾಯಿಗೆ ಏರಿಸಲಾಯಿತು. ಕಾಡಿನಿಂದ ಹೂವು ತರುವ ಮಾತು ಬೇರೆ. 2006ರ ಅರಣ್ಯ ಹಕ್ಕು ಕಾಯಿದೆಯು ಅರಣ್ಯವಾಸಿಗಳಿಗೆ ಕಿರು ಉತ್ಪನ್ನಗಳ ಮೇಲೆ ಹಕ್ಕನ್ನು ಕೊಟ್ಟಿದೆ. ಆ ಹಕ್ಕಿಲ್ಲದವರು ಅವರ ಜೀವನಾಧಾರಕ್ಕೆ ಕೈಹಾಕದೆ ತಮ್ಮ ಬದುವಿನಲ್ಲಿಯೇ ಬೆಳೆಸಿಕೊಳ್ಳುವುದು ನ್ಯಾಯ.

ಇಷ್ಟಾದರೂ, ಬದುವಿನ ಹೂವಿನಿಂದ ಬರುವ ದೊಡ್ಡ ಲಾಭ ಮಾರಾಟದ್ದಲ್ಲ. ಮನೆಗೆ ಕೊಳ್ಳುವ ತರಕಾರಿಯಲ್ಲಿ ಉಳಿಯುವ ಕಾಸು ಒಂದು. ಹೊಲದ ಕುಂಬಳ, ಸೌತೆ, ಸೂರ್ಯಕಾಂತಿಗಳಲ್ಲಿ ಜೇನಿನಿಂದ ಹೆಚ್ಚುವ ಇಳುವರಿ ಇನ್ನೊಂದು. ಎರಡೂ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ. ಆದುದರಿಂದಲೇ ಬದುವನ್ನು ಸವರುವಾಗ ನಮಗೆ ನಷ್ಟವೆನಿಸುವುದಿಲ್ಲ.

ಎಚ್ಚರಿಕೆಗಳು

1. ಗುರುತು ಖಚಿತವಿಲ್ಲದ ಹೂವನ್ನು ತಿನ್ನಬಾರದು. ಕಣಗಿಲೆ, ಹಳದಿ ಕಣಗಿಲೆ, ದತ್ತೂರ, ಎಕ್ಕ, ಅಗ್ನಿಶಿಖೆ ಇವು ವಿಷದ ಗಿಡಗಳು. ಮಕ್ಕಳಿಗೆ ತಿನ್ನುವ ಹೂವಿನ ಜೊತೆಗೆ ತಿನ್ನಬಾರದ ಹೂವನ್ನೂ ತೋರಿಸಿಕೊಡಬೇಕು.

2. ಮಾರುಕಟ್ಟೆಗಾಗಿ ಬೆಳೆದ ಗುಲಾಬಿ, ಸೇವಂತಿಗೆ ಮುಂತಾದವುಗಳಿಗೆ ಔಷಧಿ ಸಿಂಪಡಿಸಿರುತ್ತಾರೆ. ಅವು ಅಡುಗೆಗೆ ಸಲ್ಲವು.

3. ಗಿಡದ ರಸದಲ್ಲಿ ಸೇರಿಕೊಳ್ಳುವ ಅಂತರ್ವ್ಯಾಪಿ ಕೀಟನಾಶಕಗಳು ಪರಾಗಕ್ಕೂ ಮಕರಂದಕ್ಕೂ ಬರುತ್ತವೆ. ತೊಳೆದರೆ ಹೋಗುವುದಿಲ್ಲ. ಅಂಥ ಬಳ್ಳಿಯ ಹೂವನ್ನು ತಿನ್ನಬೇಡಿ.

4. ಹೂವು ಅರಳಿರುವ ಹೊತ್ತಿನಲ್ಲಿ ಯಾವ ಔಷಧಿಯನ್ನೂ ಸಿಂಪಡಿಸಬೇಡಿ. ಕುಂಬಳ, ಸೌತೆ ಬೆಳಿಗ್ಗೆ ಅರಳುತ್ತವೆ. ಹೀರೆ, ಸೋರೆ ಸಂಜೆಯ ಹೊತ್ತಿಗೆ ಅರಳುತ್ತವೆ ಎಂಬುದನ್ನು ಗಮನಿಸಿ.

5. ಹೂವನ್ನು ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟರೆ ಒಳಗಿನ ಇರುವೆ, ಹುಳುಗಳು ಹೊರಬೀಳುತ್ತವೆ. ಮೊದಲ ಸಲ ತಿನ್ನುವವರು ಸ್ವಲ್ಪವೇ ತಿಂದು ನೋಡಬೇಕು.

6. ತಂಗಡಿ ಕಷಾಯದಿಂದ ಸಕ್ಕರೆ ಕಾಯಿಲೆ ಗುಣವಾಗುವುದೆಂದು ನಂಬಿ ವೈದ್ಯರು ಕೊಟ್ಟ ಔಷಧಿಯನ್ನು ಬಿಡಬಾರದು.

ಬದುವಿನಲ್ಲಿ ಏನು ಮಾಡಬೇಕು?

ವರ್ಷದ ಯಾವ ತಿಂಗಳಲ್ಲಿಯೂ ಬದುವಿನಲ್ಲಿ ಒಂದಾದರೂ ಹೂವು ಇರಬೇಕೆಂಬುದು ಗುರಿಯಾಗಿರಲಿ. ನುಗ್ಗೆ ಜನವರಿಯಿಂದ, ಹೊಂಗೆ, ಬೇವು, ಹಿಪ್ಪೆಗಳು ಬೇಸಿಗೆಯಲ್ಲಿ, ಹುಣಸೆ ಮುಂಗಾರಿನ ಆರಂಭದಲ್ಲಿ, ತಂಗಡಿ ಮಳೆ ಬಂದಾಗಲೆಲ್ಲ, ಅಗಸೆ ಮಳೆಗಾಲದ ಕೊನೆಯಿಂದ ಚಳಿಗಾಲದವರೆಗೆ ಎಂದು ಹೊಂದಿಸಿಕೊಳ್ಳಬಹುದು.

ಅಗಸೆಯನ್ನು ಮುಂಗಾರಿನಲ್ಲಿ ಬೀಜ ಊರಿ ಬೆಳೆಸಬಹುದು. ಬಹಳ ಬೇಗ ಬೆಳೆದು ಹೂವಿಗೆ ಬರುತ್ತದೆ. ಗಾಳಿಗೆ ಮುರಿಯುವ ಮರವಾದ್ದರಿಂದ ಮನೆಗೆ ತೀರ ಹತ್ತಿರ ಬೇಡ. ನುಗ್ಗೆಯನ್ನು ಕಡ್ಡಿಯಿಂದಲೂ ಬೀಜದಿಂದಲೂ ಬೆಳೆಸಬಹುದು. ತಂಗಡಿ ಬೀಜದ ಸಿಪ್ಪೆ ಗಡುಸು. ಬಿಸಿನೀರಿನಲ್ಲಿ ನೆನೆಸಿ ಬಿತ್ತಿದರೆ ಚೆನ್ನಾಗಿ ಮೊಳೆಯುತ್ತದೆ. ಹಿಪ್ಪೆಯ ಬೀಜ ಮೊಳೆಯುವ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತದೆ. ಹಣ್ಣು ಬಿದ್ದ ಕೆಲವೇ ದಿನಗಳಲ್ಲಿ ಬಿತ್ತಬೇಕು. ಹೂವಿಗೆ ಬರಲು ಸುಮಾರು ಹತ್ತು ವರ್ಷ ಹಿಡಿಯುತ್ತದೆ. ಇಂದು ನಿಂತಿರುವ ಒಂದು ಹಿಪ್ಪೆ ಮರ ನಮ್ಮ ಹಿರಿಯರು ನಮಗಾಗಿ ಕಾದು ಕೊಟ್ಟದ್ದು. ಕೊಡಲಿ ಎತ್ತುವ ಮುನ್ನ ಈ ಮಾತನ್ನು ನೆನೆಯಬೇಕು.

ಹಳೆಯ ಒಣ ಕೊರಡು, ಬಿದಿರಿನ ತುಂಡುಗಳನ್ನು ಬದುವಿನ ಮೂಲೆಯಲ್ಲಿ ಬಿಟ್ಟರೆ ಕಪ್ಪು ದುಂಬಿಗೆ ಮನೆಯಾಗುತ್ತದೆ. ಬದುವಿನ ಒಂದಿಷ್ಟು ಜಾಗವನ್ನು ಅಗೆಯದೆ ಬಿಟ್ಟರೆ ಮಣ್ಣಿನ ಜೇನುನೊಣಗಳು ಉಳಿಯುತ್ತವೆ. ಪಾರ್ಥೇನಿಯಂನಂಥ ಕೆಟ್ಟ ಕಳೆಯನ್ನು ಕೀಳಲೇಬೇಕು. ಆದರೆ ಅದನ್ನು ಹೂ ಬಿಡುವ ಮುನ್ನ, ಕೈಯಿಂದ, ಆರಿಸಿ ಕೀಳಬೇಕು. ಇಡೀ ಬದುವಿಗೆ ಕಳೆನಾಶಕ ಹೊಡೆಯುವುದು ಇಲಿಗೆ ಹೆದರಿ ಕಣಜಕ್ಕೆ ಬೆಂಕಿ ಇಟ್ಟಂತೆ.

ಕೊನೆಯ ಮಾತು

ರೈತ ಬಾಂಧವರೇ, ಈ ಬಾರಿ ಬದು ಸವರಲು ಹೊರಡುವ ಮುನ್ನ ಒಂದು ಬೆಳಗ್ಗೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬದುವಿನ ಉದ್ದಕ್ಕೂ ನಡೆಯಿರಿ. ಮನೆಯ ಹೆಂಗಸರನ್ನೂ ಹಿರಿಯರನ್ನೂ ಜೊತೆಗೆ ಕರೆದುಕೊಳ್ಳಿ; ಯಾವ ಹೂವು ಅಡುಗೆಗೆ ಬರುತ್ತದೆಂಬುದು ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಯಾವ ಗಿಡದ ಮೇಲೆ ಜೇನು ಕೂತಿದೆ, ಯಾವುದರ ಮೇಲೆ ದುಂಬಿ ಇದೆ ಎಂದು ನೋಡಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಥ ಗಿಡಗಳನ್ನು ಬಿಟ್ಟು ಉಳಿದದ್ದನ್ನು ಸವರಿ. ಗುರುತು ಸಿಗದ ಹೂವಿದ್ದರೆ ರೆಂಬೆ ಸಮೇತ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ, ರೈತ ಸಂಪರ್ಕ ಕೇಂದ್ರಕ್ಕಾಗಲಿ ತಂದು ತೋರಿಸಿ ಕೇಳಿರಿ. ಬಿದ್ದ ಹೂವನ್ನು ಆಯ್ದು, ಮಿಕ್ಕ ಹೂವನ್ನು ಹಂಚಿಕೊಂಡು, ಕಾಯಿಯ ಹೂವನ್ನು ಕಾಯುವ ಮನೆಯಲ್ಲಿ ಬೇಸಿಗೆಯ ಪಲ್ಯಕ್ಕೂ ಬರಗಾಲವಿಲ್ಲ, ಬಳ್ಳಿಯ ಕಾಯಿಗೂ ಬರಗಾಲವಿಲ್ಲ.